ಸ್ಪ್ರಿಂಗ್ ಬದಲಿಸುವ ಮೊದಲು ತೂಕ ಹಾಕಿಸಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹೆಚ್ಚಿನವರು ಕ್ಯಾಂಪರ್ ವ್ಯಾನ್‌ನಲ್ಲೇ ಮಲಗಿ ಎದ್ದವರು, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಸ್ಟೀರಿಂಗ್ ಸರಿಯಿಲ್ಲ ಅನ್ನಿಸಿದ ಕೂಡಲೇ ಸ್ಪ್ರಿಂಗ್, ಶಾಕ್ ಇರುವ ಸಸ್ಪೆನ್ಶನ್‌ಗೆ ಕೈ ಹಾಕಬೇಡಿ. ಮೊದಲು ತೂಕ ಹಾಕಿಸಿ. ನೀರು, ಗ್ಯಾಸ್, ಜನ ಎಲ್ಲ ಸಮೇತ. ಮುಂಚಕ್ರಗಳ ಆಕ್ಸೆಲ್ ಬೇರೆ, ಹಿಂದಿನದು ಬೇರೆ ತೂಗಿಸಿ.

ಯಾಕೆ ಅಂತೀರಾ? ವ್ಹೀಲ್‌ಬೇಸ್ ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ 3.5 ಮೀಟರ್ ಅಂದುಕೊಳ್ಳಿ. ಹಿಂದಿನ ಆಕ್ಸೆಲ್‌ನಿಂದ 1 ಮೀಟರ್ ಹಿಂದೆ 100 ಲೀಟರ್ ನೀರು ತುಂಬಿದಿರಿ. ಹಿಂದಿನ ಚಕ್ರಗಳ ಮೇಲೆ ಬೀಳುವುದು 100 ಕಿಲೋ ಅಲ್ಲ, ಸುಮಾರು 129! ಆ 29 ಕಿಲೋ ಬಂದದ್ದು ಮುಂದಿನ ಚಕ್ರಗಳಿಂದ. ಗಾಡಿ ತಿರುಗಿಸುವ ಚಕ್ರಗಳೇ ಹಗುರ ಆದರೆ ಹಿಡಿತ ಎಲ್ಲಿಂದ ಬರಬೇಕು? ಹಿಂದಿನ ಸ್ಪ್ರಿಂಗ್‌ಗೆ ಆಸರೆಯಾಗಿ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿದರೆ ಹಿಂಭಾಗ ಮೇಲೇಳುತ್ತದೆ, ನಿಜ. ಆದರೆ ಹೋದ ತೂಕ ಮುಂದಕ್ಕೆ ವಾಪಸ್ ಬರುವುದಿಲ್ಲ.

ನನ್ನ ಗೆಳೆಯರೊಬ್ಬರು ಹೀಗೇ ಏರ್ ಬ್ಯಾಗ್ ಹಾಕಿಸಿದರು. ಹಿಂದೆ ಎತ್ತರ ಇದ್ದರೆ ಗಾಡಿ ಗತ್ತಾಗಿ ಕಾಣುತ್ತೆ ಅಂತ ಜಾಸ್ತಿನೇ ಗಾಳಿ ತುಂಬಿಸಿದರು. ಆಮೇಲೆ ಹೆದ್ದಾರಿಯಲ್ಲಿ ಪಕ್ಕ ಲಾರಿ ಹಾದುಹೋದರೆ ಸಾಕು, ಗಾಡಿ ಅತ್ತಿತ್ತ ಅಲೆಯೋದು. ಗ್ಯಾರೇಜಿನವರು ಸ್ಟೀರಿಂಗ್‌ನಿಂದ ಚಕ್ರ ತಿರುಗಿಸುವ ಸರಳು, ಅಂದರೆ ಟೈ ರಾಡ್, ಅದರ ಎಂಡ್ ಬದಲಿಸಿದರು, ಹೋಗಲಿಲ್ಲ. ಟೈರ್ ಬದಲಿಸಿದರು, ಹೋಗಲಿಲ್ಲ. ಕೊನೆಗೆ ನಾವಿಬ್ಬರು ಟೇಪ್ ಹಿಡಿದು ಕೂತೆವು. ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದೆವು. ಖಾಲಿ ಗಾಡಿಗಿಂತಲೂ ಹಿಂಭಾಗ ಎತ್ತರದಲ್ಲಿತ್ತು! ನೋಡಿ, ಮುಂಚಕ್ರ ತಿರುಗುವ ಅಕ್ಷ ಸೈಕಲ್ ಫೋರ್ಕ್ ಥರ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಅದೇ ಕ್ಯಾಸ್ಟರ್. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಬಹುಮಟ್ಟಿಗೆ ಅದರಿಂದಲೇ. 3.5 ಮೀಟರ್ ವ್ಹೀಲ್‌ಬೇಸ್‌ನಲ್ಲಿ ಹಿಂಭಾಗ 6 ಸೆಂಟಿಮೀಟರ್ ಎದ್ದರೆ ಸುಮಾರು 1 ಡಿಗ್ರಿ ಕ್ಯಾಸ್ಟರ್ ಹೋಯಿತು. ಗಾಳಿ ಇಳಿಸುತ್ತಾ ಬಂದೆವು, ಹಳೇ ಎತ್ತರಕ್ಕೆ ಬಂದಾಗ ನಿಲ್ಲಿಸಿದೆವು. ಅದೇ ರಸ್ತೆಯಲ್ಲಿ ಓಡಿಸಿದರು. ಕೈ ಸಡಿಲ ಬಿಟ್ಟರೂ ಸ್ಟೀರಿಂಗ್ ತಾನೇ ಮಧ್ಯಕ್ಕೆ ಬಂತು. ಅವರ ಮುಖ ನೋಡಬೇಕಿತ್ತು!

ಇನ್ನು ಮುಂಭಾಗ ಎತ್ತುವವರು. ಇಲ್ಲಿ ಟೈ ರಾಡ್ ಮತ್ತು ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳಗಿನ ಆರ್ಮ್ ಒಂದೇ ಲೆಕ್ಕದಲ್ಲಿ ಮೇಲೆ ಕೆಳಗೆ ಆಡಬೇಕು. ಎತ್ತರ ಬದಲಾಗಿ ಆ ಲೆಕ್ಕ ತಪ್ಪಿದರೆ, ಗುಂಡಿಗೆ ಇಳಿದಾಗೆಲ್ಲ ಚಕ್ರ ತಾನೇ ಒಂದಿಷ್ಟು ತಿರುಗಿಬಿಡುತ್ತದೆ. ನೀವು ಸ್ಟೀರಿಂಗ್ ಅಲುಗಿಸಿಯೇ ಇರುವುದಿಲ್ಲ, ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಹೆದರಿಕೆ ಆಗುತ್ತೆ, ಅಲ್ವಾ?

ಹಿಂದೆ ದಪ್ಪ ಆಂಟಿ ರೋಲ್ ಬಾರ್, ಅಂದರೆ ಎಡಬಲ ಚಕ್ರಗಳನ್ನು ಜೋಡಿಸುವ ಕಂಬಿ, ಹಾಕಿದರೆ ವಾಲಾಟ ಕಮ್ಮಿ ಆಗುತ್ತದೆ. ಆದರೆ ಒದ್ದೆ ರಸ್ತೆಯ ತಿರುವಿನಲ್ಲಿ ಹಿಂಚಕ್ರ ಬೇಗ ಜಾರಬಹುದು. ಶಾಕ್ ಅಬ್ಸಾರ್ಬರ್ ಭಾರ ಹೊರಲ್ಲ, ಕುಣಿತ ನಿಲ್ಲಿಸುತ್ತದೆ ಅಷ್ಟೇ. ಗಾಡಿ ಕುಸಿದು ಕೂತಿದೆ ಅಂತ ಶಾಕ್ ಬದಲಿಸಿದರೆ ಸುಮ್ನೆ ದುಡ್ಡು ದಂಡ. ಮತ್ತೆ ಹೇಳುತ್ತೇನೆ, ಮೊದಲು ತೂಕ.

ಎರಡೇ ನಿಮಿಷ ಇದೆ ಅಂತ ಚೀಟಿ ಬಂತು. ಎತ್ತರ ಬದಲಾದರೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಲೇಬೇಕು, ಅದೂ ಸಾಮಾನು ತುಂಬಿಕೊಂಡೇ. ಏರ್ ಬ್ಯಾಗ್ ಹಾಕಿದ ಮಾತ್ರಕ್ಕೆ ಆಕ್ಸೆಲ್ ಹೊರಬಹುದಾದ ಭಾರ ಹೆಚ್ಚಾಗುವುದಿಲ್ಲ, ಗಾಡಿ ತಯಾರಕರ ಪ್ಲೇಟ್ ಮೇಲೆ ಬರೆದಿರುವುದೇ ಲೆಕ್ಕ. ಟೈರ್ ಗಾಳಿ ಬಗ್ಗೆ ಹೇಳಲು ಆಗಲಿಲ್ಲ, ಚಹಾ ವಿರಾಮದಲ್ಲಿ ಹಿಡಿದು ಕೇಳಿ.