ಬುಡ ಬೋಳಾದ ಬೇಲಿಗೆ ಮತ್ತೆ ಮರೆ

ಕೇಳುಗರಿಗೆ ನಮಸ್ಕಾರ. ಕಾರವಾರ, ಅಂಕೋಲಾ, ಕುಮಟಾ ಕಡೆಯ ಎಷ್ಟೋ ಮನೆಗಳಲ್ಲಿ ದಾಸವಾಳದ ಬೇಲಿ ಹತ್ತಡಿ ಎತ್ತರಕ್ಕೆ ಹೋಗಿರುತ್ತದೆ. ಕೆಳಗೆ ಮಾತ್ರ ಬರೀ ಕಡ್ಡಿ; ದಾರಿಯಲ್ಲಿ ಹೋಗುವವರಿಗೆ ಬಾವಿಕಟ್ಟೆವರೆಗೂ ಕಾಣುತ್ತದೆ. ಮೇಲಿನ ಸೊಪ್ಪು ಹರಡಿ ಬುಡಕ್ಕೆ ಬಿಸಿಲು ತಪ್ಪಿಸಿದ್ದೇ ಕಾರಣ. ವರ್ಷವೂ ತುದಿಯನ್ನಷ್ಟೇ ಸವರಿದರೆ ಅಲ್ಲೇ ಚಿಗುರು ಒತ್ತಾಗಿ ಬಂದು ನೆರಳು ಇನ್ನೂ ಹೆಚ್ಚುತ್ತದೆ.

ಗಟ್ಟಿಯಾಗಿ ಸವರಲು ಮೇ ಕೊನೆ ಸರಿ, ಒಂದೆರಡು ಮಳೆ ಬಿದ್ದ ಮೇಲೆ. ಏಪ್ರಿಲ್‌ನಲ್ಲಿ ಕಡಿದರೆ ನೆರಳಲ್ಲಿದ್ದ ತೊಗಟೆ ಬಿಸಿಲಿಗೆ ಸುಟ್ಟು ಬಿರಿಯುತ್ತದೆ. ಜುಲೈ ಜಡಿಮಳೆಯಲ್ಲಿ ಗಾಯ ಒಣಗದೆ ಕೊಳೆಯುತ್ತದೆ.

ಎಲ್ಲ ಕಾಂಡ ಒಟ್ಟಿಗೇ ಕಡಿಯಬೇಡಿ. ದಾಸವಾಳವೇನೋ ಬದುಕೀತು, ಇದ್ದ ಮರೆಯೂ ಹೋಗುತ್ತದೆ. ತೀರಾ ಹಳೆಯ, ದಪ್ಪ ಕಾಂಡಗಳನ್ನು ಆರಿಸಿ, ವರ್ಷಕ್ಕೆ ಮೂರರಲ್ಲೊಂದು ಪಾಲು, ನೆಲದಿಂದ 1 ಅಡಿ ಮೇಲೆ ಗರಗಸದಿಂದ ಕೊಯ್ಯಿರಿ. ಕತ್ತಿಯೇಟಿಗೆ ಕಾಂಡ ಸೀಳುತ್ತದೆ, ಸೀಳಿನಲ್ಲಿ ನೀರಿಳಿಯುತ್ತದೆ. ಕೊಯ್ದ ಜಾಗ ಓರೆಯಾಗಿರಲಿ, ಗೆಣ್ಣಿಗಿಂತ ಕಾಲಿಂಚು ಮೇಲಿರಲಿ. ಉಳಿದ ಕಾಂಡಗಳನ್ನು ನಿಮಗೆ ಬೇಕಾದ ಎತ್ತರಕ್ಕಿಂತ ಅರ್ಧ ಅಡಿ ತಗ್ಗಿಸಿ. ಮನೆ ಸಮುದ್ರಕ್ಕೆ ಎದುರಾಗಿದ್ದರೆ ಆ ಬದಿಯ ಕಾಂಡಗಳ ಸರದಿ ಕೊನೆಯ ವರ್ಷ ಬರಲಿ. ಆಸರೆಯಿಲ್ಲದ ಎಳೆಚಿಗುರು ಉಪ್ಪುಗಾಳಿಗೆ ಕರಟುತ್ತದೆ.

ಹೆಬ್ಬೆರಳಿಗಿಂತ ದಪ್ಪದ ಗಾಯಕ್ಕೆ ಕೊಳೆ ತಡೆಯುವ ಬೋರ್ಡೋ ಮುಲಾಮು ಬೇಕು. 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ ಕದಡಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕೂಡಿಸಿ, ಅದೇ ದಿನ ಹಚ್ಚಿ. ಕಬ್ಬಿಣದ ಪಾತ್ರೆ ಬೇಡ. ಶಿರಸಿ ಕಡೆಯ ಅಡಿಕೆ ತೋಟದವರಿಗೆ ಇದನ್ನು ಹೇಳಬೇಕಿಲ್ಲ, ಅಡಿಕೆಯ ಕೊಳೆರೋಗದ ಔಷಧಿಗೆಂದು ಇದೇ ಸಾಮಾನು ಆ ಹೊತ್ತಿಗೆ ಮನೆಗೆ ಬಂದಿರುತ್ತದೆ.

ಇನ್ನು ಹೆಚ್ಚಿನವರು ಬಿಟ್ಟುಬಿಡುವ ಕೆಲಸ. ಚಿಗುರು ಗೇಣುದ್ದ ಬಂದಾಗ ತುದಿ ಚಿವುಟಬೇಕು, ಕವಲೊಡೆದದ್ದು ಮತ್ತೆ ಗೇಣು ಬೆಳೆದಾಗ ಇನ್ನೊಮ್ಮೆ. ಚಿವುಟದಿದ್ದರೆ ಚಿಗುರು ಕೋಲಿನಂತೆ ನೆಟ್ಟಗೆ ಏರಿ, ಬುಡ ಮತ್ತೆ ಬೋಳು. ಸೆಪ್ಟೆಂಬರ್‌ನಲ್ಲಿ ಹಗ್ಗ ಎಳೆದು ಆಕಾರ ಕೊಡಿ: ಬುಡದ ಅಗಲ 3 ಅಡಿ, ತಲೆಯದು 2. ಗೋಡೆಯ ಹಾಗೆ ನೆಟ್ಟಗೆ ಸವರಿದ್ದು ನೋಡಲು ಚಂದ, ಆದರೆ ಬುಡದ ಎಲೆಗೆ ಬೆಳಕು ಸಾಲದು.

ನಡುವೆ ಗಿಡ ಸತ್ತ ಜಾಗಕ್ಕೆ ಕಡಿದ ಕೊಂಬೆಯೇ ಸಾಕು. ಪೆನ್ಸಿಲ್ ದಪ್ಪದ ಗೇಣುದ್ದ ತುಂಡು, ಎರಡು ಗೆಣ್ಣು ಮಣ್ಣೊಳಗೆ, ಒಂದೂವರೆ ಅಡಿಗೊಂದು, ಜೂನ್‌ನಲ್ಲಿ.

ಈ ಕ್ರಮ ಗಾಳಿಮರಕ್ಕೆ ಹೊಂದುವುದಿಲ್ಲ, ಹಳೆಯ ಬೋಳು ಕಾಂಡಕ್ಕೆ ಕಡಿದರೆ ಅದು ಚಿಗುರುವುದು ಅಪರೂಪ. ಕಣಗಿಲೆ ಚೆನ್ನಾಗಿ ಚಿಗುರುತ್ತದೆ, ಆದರೆ ಅದರ ಸೊಪ್ಪು ದನಕ್ಕೆ ವಿಷ, ಸುಟ್ಟ ಹೊಗೆಯೂ ಕೆಟ್ಟದ್ದು. ಕಡಿದದ್ದನ್ನು ಕೊಟ್ಟಿಗೆಗೆ ಹಾಕಬೇಡಿ, ದನ ಸುಳಿಯದ ಕಡೆ ಗುಂಡಿ ತೋಡಿ ಹುಗಿಯಿರಿ.