ನೀಲಿ ಲೋಟದ ತಳದಲ್ಲಿ

ಕೇಳುಗರಿಗೆ ನಮಸ್ಕಾರ.

ಮೊನ್ನೆ ಒಂದು ಆರತಕ್ಷತೆಗೆ ಹೋಗಿದ್ದೆ. ಪನ್ನೀರು ಚಿಮುಕಿಸುವವರ ಪಕ್ಕದಲ್ಲೇ ಒಬ್ಬ ಹುಡುಗ ತಟ್ಟೆ ಹಿಡಿದು ನಿಂತಿದ್ದ. ತಟ್ಟೆಯಲ್ಲಿ ಉದ್ದನೆಯ ಗಾಜಿನ ಲೋಟಗಳು. ತಳದಲ್ಲಿ ಕಡುನೀಲಿ, ಮೇಲೇರಿದಂತೆ ತಿಳಿನೀಲಿ, ಅಂಚಿಗೆ ನಿಂಬೆಯ ಬಿಲ್ಲೆ. ‘ಬ್ಲೂ ಲಗೂನ್, ಮಾಕ್‌ಟೇಲ್’ ಎಂದ. ಮದ್ಯವಿಲ್ಲ ಎಂದು ಖಾತ್ರಿಯಾದದ್ದೇ ತಡ, ನನ್ನ ಜೊತೆಗಿದ್ದ ಹಿರಿಯರು ನಿಶ್ಚಿಂತೆಯಿಂದ ಎರಡು ಲೋಟ ಖಾಲಿ ಮಾಡಿದರು. ಊಟಕ್ಕೆ ಕುಳಿತಾಗ ಮಾತ್ರ ಹೋಳಿಗೆಯನ್ನು ‘ಸಕ್ಕರೆ ಕಾಯಿಲೆ’ ಎಂದು ಬೇಡವೆಂದರು!

ಆ ನೀಲಿ ಪದರ ತಳದಲ್ಲಿ ನಿಲ್ಲುವುದೇ ಸಕ್ಕರೆಯ ಭಾರದಿಂದ. ಪಾಕ ಸೋಡಾಕ್ಕಿಂತ ಭಾರ, ಆದ್ದರಿಂದ ಕೆಳಗೆ ಕೂರುತ್ತದೆ. ಲೆಕ್ಕ ಹಾಕೋಣ. ಒಂದು ಲೋಟಕ್ಕೆ 30 ಮಿಲಿಲೀಟರ್ ನೀಲಿ ಸಿರಪ್ ಹಾಕಿದರೆ ಸುಮಾರು 20 ಗ್ರಾಂ ಸಕ್ಕರೆ. ಅದರ ಮೇಲೆ 150 ಮಿಲಿಲೀಟರ್ ನಿಂಬೆ ರುಚಿಯ ತಂಪು ಪಾನೀಯ ಸುರಿದರೆ ಇನ್ನೊಂದು 15 ಗ್ರಾಂ. ಒಟ್ಟು 35 ಗ್ರಾಂ, ಅಂದರೆ ಏಳು ಚಹಾ ಚಮಚ, 140 ಕಿಲೋಕ್ಯಾಲರಿ. ದಿನಕ್ಕೆ 2000 ಕಿಲೋಕ್ಯಾಲರಿ ತಿನ್ನುವವರಿಗೆ ಹೀಗೆ ಬೆರೆಸಿದ ಸಕ್ಕರೆ 50 ಗ್ರಾಂ ದಾಟಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. ಪ್ರೋಟೀನು, ನಾರು ಇಲ್ಲವೇ ಇಲ್ಲ. ಹಿಂಡಿದ ಒಂದು ಚಮಚ ನಿಂಬೆರಸದಿಂದ ಒಂದೆರಡು ಮಿಲಿಗ್ರಾಂ ಸಿ ಜೀವಸತ್ವ ಬಂದೀತು, ಅಷ್ಟೇ.

ಬಣ್ಣದ ಮಾತು. ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದ ಕಹಿ ಕಿತ್ತಳೆಯ ಸಿಪ್ಪೆಯಿಂದ ಮಾಡುವ ‘ಬ್ಲೂ ಕುರಸಾವ್’ ಎಂಬ ಮದ್ಯದ ಹೆಸರು ಈ ಸಿರಪ್ಪಿಗೆ ಬಂದಿದೆ. ಕಿತ್ತಳೆಯಿಂದ ನೀಲಿ ಬರುವುದುಂಟೇ? ಅದು ಬ್ರಿಲಿಯಂಟ್ ಬ್ಲೂ ಎಂಬ ಕೃತಕ ಬಣ್ಣ. ಬಾಟಲಿಯ ಚೀಟಿಯಲ್ಲಿ 133 ಎಂದಿರುತ್ತದೆ. ಮಿತಿಯೊಳಗೆ ಬಳಸಲು ನಮ್ಮಲ್ಲಿ ಅನುಮತಿಯಿದೆ. ನನಗಂತೂ ಬಣ್ಣಕ್ಕಿಂತ ಅದನ್ನು ಹೊತ್ತ ಪಾಕದ್ದೇ ಚಿಂತೆ.

ಹಾಗಾದರೆ ಪುನರ್ಪುಳಿ ಶರಬತ್ತು? ಕೆಂಪು ಹಣ್ಣಿನದೇ, ಸೊಗಸೂ ಹೌದು. ಆದರೆ ಆ ಹುಳಿಗೆ ಕೈ ತಾನಾಗಿ ಸಕ್ಕರೆ ಡಬ್ಬಿಗೆ ಹೋಗುತ್ತದೆ. ಬೆಲ್ಲ ಹಾಕಿದರೂ ಕ್ಯಾಲರಿ ಹೆಚ್ಚು ಇಳಿಯುವುದಿಲ್ಲ.

ಮನೆಯಲ್ಲಿ ಮಕ್ಕಳು ನೀಲಿಯೇ ಬೇಕೆಂದು ಹಟ ಹಿಡಿದರೆ ಹೀಗೆ ಮಾಡಿ. ಸಿರಪ್ಪನ್ನು ಅರ್ಧಕ್ಕಿಳಿಸಿ, ಮೇಲೆ ಐಸು ತುಂಬಿ, ಸಿಹಿ ಪಾನೀಯದ ಬದಲು ಬರೀ ಸೋಡಾವನ್ನು ಚಮಚದ ಬೆನ್ನಿನ ಮೇಲೆ ನಿಧಾನವಾಗಿ ಇಳಿಸಿ. ಸಕ್ಕರೆ 10 ಗ್ರಾಂಗೆ ಇಳಿಯುತ್ತದೆ. ಸಪ್ಪೆ ಸೋಡಾ ಇನ್ನೂ ಹಗುರವಾದ್ದರಿಂದ ಪದರವೂ ಮೊದಲಿಗಿಂತ ಚೆನ್ನಾಗಿ ನಿಲ್ಲುತ್ತದೆ.