ಅಪಾಚೆ ಒಂದೇ, ಇನ್‌ಸ್ಟಾಲ್ ಆದ ಮೇಲಿನ ಕಥೆ ಬೇರೆ ಬೇರೆ

[ಸ್ಕ್ರೀನ್: ಎರಡು ಕಂಪ್ಯೂಟರ್ ಅಕ್ಕಪಕ್ಕ. ಎಡಕ್ಕೆ ಉಬುಂಟು, ಬಲಕ್ಕೆ ಫೆಡೋರಾ.]

ನಮಸ್ಕಾರ. ಉಬುಂಟು, ಫೆಡೋರಾ ಎರಡೂ ಲಿನಕ್ಸ್ ಬಗೆಗಳು. ಈ ಎರಡರಲ್ಲೂ ಈಗಷ್ಟೇ ಅಪಾಚೆ ವೆಬ್ ಸರ್ವರ್, ಅಂದರೆ ಬ್ರೌಸರ್‌ಗೆ ಪೇಜ್ ಕಳಿಸುವ ಪ್ರೋಗ್ರಾಂ, ಹಾಕಿದ್ದೇನೆ. ಎರಡು ಕಡೆಯೂ ಒಂದೇ ಒಂದು ಎರರ್ ಬಂದಿಲ್ಲ. ಈಗ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್, ಅಂದರೆ ಇದೇ ಕಂಪ್ಯೂಟರ್, ಅಂತ ಟೈಪ್ ಮಾಡೋಣ. ಉಬುಂಟುವಿನಲ್ಲಿ ಪೇಜ್ ಬಂತು. ಫೆಡೋರಾದಲ್ಲಿ ಬರಲಿಲ್ಲ.

ಹೊಸಬರು ಎಡವುವುದು ಇಲ್ಲೇ. ಇನ್‌ಸ್ಟಾಲ್ ಸರಿಯಾಗಿಲ್ಲ ಅಂದುಕೊಂಡು ತೆಗೆದು ಮತ್ತೆ ಹಾಕುತ್ತಾರೆ. ಆದರೆ ಏನೂ ಕೆಟ್ಟಿಲ್ಲ. ಸರ್ವರ್ ಡಿಸ್ಕ್‌ನಲ್ಲಿ ಬಂದು ಕೂತಿದೆ, ಯಾರೂ ಅದನ್ನು ಸ್ಟಾರ್ಟ್ ಮಾಡಿಲ್ಲ, ಅಷ್ಟೇ.

ವೆಬ್ ಸರ್ವರ್ ವಿಷಯದಲ್ಲಿ ಇನ್‌ಸ್ಟಾಲ್ ಅನ್ನೋದು ತೀರಾ ಸಣ್ಣ ಕೆಲಸ. ಅದನ್ನು ಸ್ಟಾರ್ಟ್ ಮಾಡುವವರು ಯಾರು, ಫೈಲ್ ಎಲ್ಲಿಡಬೇಕು, ಬ್ರೌಸರ್ ಬಂದು ತಟ್ಟುವ ಬಾಗಿಲು, ಅಂದರೆ ಪೋರ್ಟ್ 80, ಯಾರ ಕೈಯಲ್ಲಿದೆ, ಹೊರಗಿನವರನ್ನು ಒಳಗೆ ಬಿಡುವವರು ಯಾರು? ಇದನ್ನೆಲ್ಲ ಒಂದೊಂದು ಆಪರೇಟಿಂಗ್ ಸಿಸ್ಟಂ ತನ್ನದೇ ರೀತಿಯಲ್ಲಿ ತೀರ್ಮಾನ ಮಾಡಿಟ್ಟಿರುತ್ತದೆ. ಕಮಾಂಡ್ ಬಾಯಿಪಾಠ ಮಾಡುವುದಕ್ಕಿಂತ ಈ ತೀರ್ಮಾನಗಳನ್ನು ತಿಳಿದುಕೊಂಡರೆ ಜಾಸ್ತಿ ಉಪಯೋಗ.

[ಸ್ಕ್ರೀನ್: ಸುಡೋ ಆಪ್ಟ್ ಇನ್‌ಸ್ಟಾಲ್ ಅಪಾಚೆ2]

ಮೊದಲು ಉಬುಂಟು. ಡೆಬಿಯನ್‌ನಲ್ಲೂ ಹೀಗೇ. ಪ್ಯಾಕೇಜ್ ಹೆಸರು ಅಪಾಚೆ2. ಇನ್‌ಸ್ಟಾಲ್ ಮುಗಿದ ಕೂಡಲೇ ಪ್ಯಾಕೇಜೇ ಸರ್ವರ್ ಅನ್ನು ಸ್ಟಾರ್ಟ್ ಮಾಡುತ್ತದೆ, ಮುಂದಿನ ಸಲ ಮಷೀನ್ ಆನ್ ಆದಾಗಲೂ ಓಡುವಂತೆ ಹೊಂದಿಸುತ್ತದೆ. ನಿಮ್ಮ ಪೇಜ್‌ಗಳು ಹೋಗಬೇಕಾದ ಜಾಗ: ವಾರ್ ಫೋಲ್ಡರ್, ಅದರೊಳಗೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ, ಅದರೊಳಗೆ ಎಚ್‌ಟಿಎಂಎಲ್. ಹೊರಗಿನ ಸಂಪರ್ಕಗಳನ್ನು ತಡೆಯುವ ಕಾವಲು, ಅಂದರೆ ಫೈರ್‌ವಾಲ್, ಉಬುಂಟುವಿನಲ್ಲಿ ಮೊದಲಿಗೆ ಆಫ್ ಆಗಿಯೇ ಇರುತ್ತದೆ. ಹಾಗಾಗಿ ಕಲಿಯುವವರಿಗೆ ಇದು ಸಲೀಸು. ಆದರೆ ನೀವು ಇನ್ನೂ ಸೆಟ್ಟಿಂಗ್ ನೋಡುವ ಮೊದಲೇ ಸರ್ವರ್ ಓಡುತ್ತಿರುತ್ತದೆ ಅನ್ನೋದು ನೆನಪಿರಲಿ.

[ಸ್ಕ್ರೀನ್: ಸುಡೋ ಡಿಎನ್ಎಫ್ ಇನ್‌ಸ್ಟಾಲ್ ಎಚ್‌ಟಿಟಿಪಿಡಿ]

ಫೆಡೋರಾ, ರೆಡ್ ಹ್ಯಾಟ್, ರಾಕಿ ಲಿನಕ್ಸ್ ಒಂದೇ ಮನೆತನದವು. ಇಲ್ಲಿ ಅದೇ ಅಪಾಚೆಗೆ ಎಚ್‌ಟಿಟಿಪಿಡಿ ಅಂತ ಹೆಸರು. ಇವು ನೀವು ಹೇಳುವ ತನಕ ಏನನ್ನೂ ಸ್ಟಾರ್ಟ್ ಮಾಡುವುದಿಲ್ಲ.

[ಸ್ಕ್ರೀನ್: ಸುಡೋ ಸಿಸ್ಟಂಸಿಟಿಎಲ್ ಎನೇಬಲ್ --ನೌ ಎಚ್‌ಟಿಟಿಪಿಡಿ]

ಎನೇಬಲ್ ಅಂದರೆ ರೀಬೂಟ್ ಆದಾಗ ತಾನೇ ಏಳಲಿ ಅಂತ. ನೌ ಅಂದರೆ ಈಗಲೂ ಏಳಲಿ ಅಂತ. ಈಗ ಪೇಜ್ ಬಂತು. ಪಕ್ಕದ ಕಂಪ್ಯೂಟರ್‌ನಿಂದ ನೋಡಿ, ಬರುವುದಿಲ್ಲ. ಫೈರ್‌ವಾಲ್ ತಡೆಯುತ್ತಿದೆ. ಫೈರ್‌ವಾಲ್-ಸಿಎಂಡಿ ಬಳಸಿ ಎಚ್‌ಟಿಟಿಪಿ ಸರ್ವಿಸ್ ಸೇರಿಸಿ, ಜೊತೆಗೆ ಪರ್ಮನೆಂಟ್ ಅಂತ ಹಾಕಿ, ಆಮೇಲೆ ರೀಲೋಡ್ ಮಾಡಿ. ರೀಲೋಡ್ ಮರೆತರೆ ನೀವು ಹೇಳಿದ್ದು ಜಾರಿಗೆ ಬರುವುದಿಲ್ಲ.

ಇನ್ನೊಂದು ತೊಡಕಿದೆ. ಇದನ್ನು ಸ್ವಲ್ಪ ನಿಧಾನಕ್ಕೆ ನೋಡೋಣ, ಯಾಕೆಂದರೆ ತುಂಬ ಜನ ಇಲ್ಲಿ ತಪ್ಪು ದಾರಿ ಹಿಡಿಯುತ್ತಾರೆ.

[ಸ್ಕ್ರೀನ್: ಹೋಮ್ ಫೋಲ್ಡರ್‌ನಲ್ಲಿರುವ ಇಂಡೆಕ್ಸ್ ಫೈಲ್ ಅನ್ನು ಎಂವಿ ಕಮಾಂಡ್‌ನಿಂದ ಸರ್ವರ್ ಫೋಲ್ಡರ್‌ಗೆ ಸಾಗಿಸುವುದು. ಬ್ರೌಸರ್‌ನಲ್ಲಿ 403.]

ಫೈಲ್ ಇದೆ. ಓದುವ ಪರ್ಮಿಷನ್ ಇದೆ. ಆದರೂ 403, ಅಂದರೆ ನೋಡಲು ಅನುಮತಿ ಇಲ್ಲ. ಈಗ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್‌ಗೆ ದೊಡ್ಡ ಝಡ್ ಸೇರಿಸಿ ನೋಡಿ. ಫೈಲ್‌ನ ಮೇಲೆ ಒಂದು ಲೇಬಲ್ ಕಾಣುತ್ತದೆ: ಯೂಸರ್_ಹೋಮ್_ಟಿ. ಪಕ್ಕದ ಫೈಲ್‌ಗಳ ಮೇಲೆ ಎಚ್‌ಟಿಟಿಪಿಡಿ_ಸಿಸ್_ಕಂಟೆಂಟ್_ಟಿ ಅಂತಿದೆ. ಇದು ಎಸ್‌ಇಲಿನಕ್ಸ್ ಕೆಲಸ, ಅಂದರೆ ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಲೇಬಲ್ ನೋಡಿ ತೀರ್ಮಾನಿಸುವ ಭದ್ರತಾ ವ್ಯವಸ್ಥೆ. ಎಂವಿ ಮಾಡಿದಾಗ ಫೈಲ್ ತನ್ನ ಹಳೆಯ ಲೇಬಲ್ ಹೊತ್ತುಕೊಂಡೇ ಬರುತ್ತದೆ. ಸಿಪಿ, ಅಂದರೆ ನಕಲು, ಮಾಡಿದ್ದರೆ ಹೊಸ ಫೋಲ್ಡರ್‌ನ ಲೇಬಲ್ ಸಿಗುತ್ತಿತ್ತು. ಮನೆಯ ಲೇಬಲ್ ಇರುವ ಫೈಲ್ ಅನ್ನು ವೆಬ್ ಸರ್ವರ್ ಓದಲು ಎಸ್‌ಇಲಿನಕ್ಸ್ ಬಿಡುವುದಿಲ್ಲ.

[ಸ್ಕ್ರೀನ್: ಸುಡೋ ರಿಸ್ಟೋರ್‌ಕಾನ್ -ಆರ್‌ವಿ, ಮುಂದೆ ಸರ್ವರ್ ಫೋಲ್ಡರ್]

ಈ ಒಂದು ಸಾಲು ಸಾಕು, ಲೇಬಲ್ ಸರಿಯಾಯಿತು, ಪೇಜ್ ಬಂತು. ಎಸ್‌ಇಲಿನಕ್ಸ್ ಅನ್ನೇ ಆಫ್ ಮಾಡಿ ಅನ್ನುವ ಸಲಹೆ ನಿಮಗೆ ಎಲ್ಲ ಕಡೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನಾಳೆ ಯಾರಾದರೂ ನಿಮ್ಮ ಸೈಟ್‌ನ ದೋಷ ಹಿಡಿದು ಒಳಗೆ ನುಗ್ಗಿದರೆ, ಅವರು ನಿಮ್ಮ ಹೋಮ್ ಫೋಲ್ಡರ್ ತನಕ ಬರದಂತೆ ತಡೆಯುವುದು ಇದೇ ಲೇಬಲ್.

[ಸ್ಕ್ರೀನ್: ವಿಂಡೋಸ್]

ವಿಂಡೋಸ್‌ನಲ್ಲಿ ಅಪಾಚೆ ತಂಡದವರು ರೆಡಿ ಇನ್‌ಸ್ಟಾಲರ್ ಕೊಡುವುದಿಲ್ಲ, ಸೋರ್ಸ್ ಕೋಡ್ ಮಾತ್ರ ಕೊಡುತ್ತಾರೆ. ರೆಡಿ ಫೈಲ್‌ಗಳು ಬೇಕೆಂದರೆ ಅಪಾಚೆ ಲೌಂಜ್‌ನಂಥ ಕಡೆಯಿಂದ ಝಿಪ್ ಇಳಿಸಿಕೊಳ್ಳಬೇಕು. ಅಪಾಚೆ, ಪಿಎಚ್‌ಪಿ ಎಲ್ಲ ಒಟ್ಟಿಗೆ ಬರುವ ಝಾಂಪ್ ಕೂಡ ಇದೆ. ಕಲಿಯಲು ಅದು ಚೆನ್ನಾಗಿದೆ, ಆದರೆ ಅದನ್ನು ಮಾಡಿದವರೇ ನಿಜವಾದ ಸೈಟ್ ನಡೆಸಲು ಬೇಡ ಅನ್ನುತ್ತಾರೆ. ಝಿಪ್ ಇಳಿಸಿದ್ದರೆ ಅದನ್ನು ಸಿ ಡ್ರೈವ್‌ನಲ್ಲಿ ಅಪಾಚೆ24 ಅನ್ನುವ ಫೋಲ್ಡರ್‌ಗೆ ಬಿಚ್ಚಿ. ಕಾನ್ಫಿಗ್, ಅಂದರೆ ಸೆಟ್ಟಿಂಗ್, ಫೈಲ್‌ನಲ್ಲಿ ಅದೇ ಜಾಗ ಅಂತ ಬರೆದಿರುತ್ತದೆ. ಬೇರೆ ಕಡೆ ಇಟ್ಟರೆ ಆ ಸಾಲನ್ನೂ ಬದಲಿಸಬೇಕು. ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಚ್‌ಟಿಟಿಪಿಡಿ -ಕೆ ಇನ್‌ಸ್ಟಾಲ್ ಅಂತ ಕೊಟ್ಟರೆ ಅದು ವಿಂಡೋಸ್ ಸರ್ವಿಸ್ ಆಗುತ್ತದೆ.

ಸ್ಟಾರ್ಟ್ ಮಾಡಿದಾಗ ಪೋರ್ಟ್ 80 ಸಿಗಲಿಲ್ಲ ಅನ್ನುವ ಎರರ್ ಬರಬಹುದು. ಒಂದು ಪೋರ್ಟ್ ಅನ್ನು ಒಂದು ಹೊತ್ತಿಗೆ ಒಬ್ಬರೇ ಹಿಡಿಯುವುದು.

[ಸ್ಕ್ರೀನ್: ನೆಟ್‌ಸ್ಟಾಟ್ -ಎಎನ್‌ಓ. ಪೋರ್ಟ್ 80ರ ಸಾಲಿನ ಕೊನೆಯಲ್ಲಿ 4.]

ಸಾಲಿನ ಕೊನೆಯ ಅಂಕಿ ಪಿಐಡಿ, ಅಂದರೆ ಓಡುತ್ತಿರುವ ಪ್ರೋಗ್ರಾಂನ ಗುರುತಿನ ಸಂಖ್ಯೆ. ಇಲ್ಲಿ 4 ಇದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದನ್ನು ಹುಡುಕಿದರೆ ಸಿಸ್ಟಂ ಅಂತ ತೋರಿಸುತ್ತದೆ. ಅದನ್ನು ಕೊಲ್ಲಲು ಹೋಗಬೇಡಿ, ಅದು ವಿಂಡೋಸ್ ಕರ್ನಲ್, ಅಂದರೆ ಸಿಸ್ಟಂನ ತಿರುಳು. ಮೈಕ್ರೋಸಾಫ್ಟ್‌ನ ಸ್ವಂತ ವೆಬ್ ಸರ್ವರ್ ಐಐಎಸ್ ಕರ್ನಲ್‌ನೊಳಗಿನ ಒಂದು ಡ್ರೈವರ್ ಮೂಲಕ ಪೋರ್ಟ್ ಹಿಡಿಯುತ್ತದೆ, ಅದಕ್ಕೇ ಐಐಎಸ್ ಹೆಸರು ಕಾಣುವುದಿಲ್ಲ. ಸರ್ವಿಸಸ್ ಪಟ್ಟಿಯಲ್ಲಿ ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್ ಇದ್ದರೆ ನಿಲ್ಲಿಸಿ. ಇಲ್ಲವೇ ಅಪಾಚೆಯ ಕಾನ್ಫಿಗ್‌ನಲ್ಲಿ ಲಿಸನ್ 80 ಅನ್ನುವುದನ್ನು 8080 ಮಾಡಿ.

ನಿಮ್ಮ ಕೆಲಸ ಮೈಕ್ರೋಸಾಫ್ಟ್‌ನ ವೆಬ್ ತಂತ್ರಜ್ಞಾನ ಎಎಸ್‌ಪಿ ಡಾಟ್ ನೆಟ್‌ನಲ್ಲಿದ್ದರೆ ಅಪಾಚೆ ಯಾಕೆ ಬೇಕು? ಐಐಎಸ್ ವಿಂಡೋಸ್ ಜೊತೆಗೇ ಬರುತ್ತದೆ, ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಟಿಕ್ ಹಾಕಿದರೆ ಆಯಿತು. ಇನ್ನೊಂದು ವೆಬ್ ಸರ್ವರ್ ಎಂಜಿನ್‌ಎಕ್ಸ್ ಕೂಡ ವಿಂಡೋಸ್‌ನಲ್ಲಿ ಓಡುತ್ತದೆ, ಆದರೆ ಆ ಆವೃತ್ತಿಯನ್ನು ಅವರೇ ಬೀಟಾ ಅನ್ನುತ್ತಾರೆ. ಅದನ್ನು ಲಿನಕ್ಸ್‌ನಲ್ಲೇ ಬಳಸಿ.

[ಸ್ಕ್ರೀನ್: ಮ್ಯಾಕ್. ಸುಡೋ ಅಪಾಚೆಸಿಟಿಎಲ್ ಸ್ಟಾರ್ಟ್]

ಮ್ಯಾಕ್‌ನಲ್ಲಿ ಅಪಾಚೆ ಮೊದಲೇ ಇರುತ್ತದೆ, ಈ ಒಂದು ಕಮಾಂಡ್‌ಗೆ ಏಳುತ್ತದೆ. ಆದರೆ 2021ರ ಮ್ಯಾಕ್ ಆವೃತ್ತಿ ಮಾಂಟೆರೇಯಿಂದ, ತುಂಬ ಸೈಟ್‌ಗಳಿಗೆ ಬೇಕಾಗುವ ಪಿಎಚ್‌ಪಿ ಭಾಷೆ ಜೊತೆಗೆ ಬರುವುದಿಲ್ಲ. ಹಾಗಾಗಿ ಹೆಚ್ಚಿನವರು ಪ್ರೋಗ್ರಾಂಗಳನ್ನು ಇನ್‌ಸ್ಟಾಲ್ ಮಾಡಿಕೊಡುವ ಹೋಮ್‌ಬ್ರೂ ಮೂಲಕವೇ ಎಲ್ಲವನ್ನೂ ಹಾಕಿಕೊಳ್ಳುತ್ತಾರೆ, ನಾನೂ ಅದನ್ನೇ ಹೇಳುತ್ತೇನೆ. ಹೋಮ್‌ಬ್ರೂನಲ್ಲಿ ಸರ್ವರ್ ಪೋರ್ಟ್ 8080ರಲ್ಲಿ ಕೂರುತ್ತದೆ, ಸುಡೋ, ಅಂದರೆ ಅಡ್ಮಿನಿಸ್ಟ್ರೇಟರ್ ಅಧಿಕಾರ, ಇಲ್ಲದೆ ಓಡಲಿ ಅಂತ. ಬರೀ ಲೋಕಲ್‌ಹೋಸ್ಟ್ ಅಂತ ಟೈಪ್ ಮಾಡಿ ಪೇಜ್ ಬರಲಿಲ್ಲ ಅನ್ನಬೇಡಿ, ಮುಂದೆ ಕೋಲನ್ ಹಾಕಿ 8080 ಸೇರಿಸಿ.

ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂ ಬಳಸುವವರಿಗೆ: ಪಿಕೆಜಿ ಇನ್‌ಸ್ಟಾಲ್ ಅಪಾಚೆ24, ಆಮೇಲೆ ಸಿಸ್‌ಆರ್‌ಸಿಯಿಂದ ಎನೇಬಲ್ ಮಾಡಿ, ಸರ್ವಿಸ್ ಸ್ಟಾರ್ಟ್ ಮಾಡಿ.

[ಸ್ಕ್ರೀನ್: ಮತ್ತೆ ಟರ್ಮಿನಲ್. ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್]

ಯಾವ ಸಿಸ್ಟಂ ಆದರೂ ಸರಿ, ಕಾನ್ಫಿಗ್ ಮುಟ್ಟಿದ ಮೇಲೆ ರೀಸ್ಟಾರ್ಟ್ ಮಾಡುವ ಮೊದಲು ಇದನ್ನು ಓಡಿಸಿ. ವಿಂಡೋಸ್‌ನಲ್ಲಿ ಇದರ ಬದಲು ಎಚ್‌ಟಿಟಿಪಿಡಿ -ಟಿ. ಸಿಂಟ್ಯಾಕ್ಸ್ ಓಕೆ ಅಂತ ಬರಬೇಕು. ಎಂಜಿನ್‌ಎಕ್ಸ್‌ನಲ್ಲಿ ಎಂಜಿನ್‌ಎಕ್ಸ್ -ಟಿ. ಒಂದು ಸೆಮಿಕೋಲನ್ ಬಿಟ್ಟುಹೋಗಿ ರೀಸ್ಟಾರ್ಟ್ ಕೊಟ್ಟರೆ ಆ ಸರ್ವರ್ ಮೇಲಿನ ಎಲ್ಲ ಸೈಟ್‌ಗಳೂ ನಿಂತುಹೋಗಬಹುದು. ರೀಲೋಡ್ ಕೊಟ್ಟರೆ ಎಂಜಿನ್‌ಎಕ್ಸ್ ಹೊಸ ಕಾನ್ಫಿಗ್ ತಪ್ಪಿದೆ ಅಂತ ಹೇಳಿ ಹಳೆಯದರಲ್ಲೇ ಮುಂದುವರಿಯುತ್ತದೆ. ಆದ್ದರಿಂದ ರೀಲೋಡ್ ಸಾಕಾಗುವ ಕಡೆ ರೀಸ್ಟಾರ್ಟ್ ಕೊಡಬೇಡಿ.